ಪ್ಲಸ್ ಬರುವವರೆಗೆ ನಿದ್ದೆಯಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

2022ರ ಸೆಪ್ಟೆಂಬರ್. ಮಂಡ್ಯ ಕಡೆಯ ದಂಪತಿ ಮಗಳನ್ನು ಮೈಸೂರಿಗೆ, ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದರು. ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದವಳು. ರಷ್ಯಾ ದಾಳಿ ಶುರುವಾದ ಫೆಬ್ರುವರಿ 24ರಿಂದ ಆರು ರಾತ್ರಿ ಮೆಟ್ರೊ ನಿಲ್ದಾಣದ ನೆಲದ ಮೇಲೆ ಮಲಗಿ, ಮಾರ್ಚ್ 2ರಂದು ‘ನಡೆದಾದರೂ ಸರಿ, ನಗರ ಬಿಡಿ’ ಎಂದು ನಮ್ಮ ರಾಯಭಾರ ಕಚೇರಿ ಸೂಚಿಸಿದಾಗ ನಗರದ ಹೊರಗಿನ ಪಿಸೋಚಿನ್‌ವರೆಗೆ ನಡೆದವಳು.

“ಮಂಚ ಬಿಟ್ಟು ಪ್ಯಾಸೇಜಿನಲ್ಲಿ ಮಲಗುತ್ತಾಳೆ ಮೇಡಂ. ದೃಷ್ಟಿ ತೆಗೆಸಿದ್ದೂ ಆಯಿತು,” ಎಂದರು ತಾಯಿ.

ಅದು ಹುಚ್ಚಲ್ಲ. ಬೀದಿಗೂ ನಮಗೂ ನಡುವೆ ಎರಡು ಗೋಡೆ ಇರಬೇಕೆಂಬುದು ಅಲ್ಲಿನವರ ಪಾಠ: ಒಂದು ಸ್ಫೋಟದ ಹೊಡೆತ ತಿಂದರೆ ಇನ್ನೊಂದು ಚೂರುಗಳನ್ನು ತಡೆಯುತ್ತದೆ. ರಷ್ಯಾದ ಗಡಿ ಅಲ್ಲಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಸೈರನ್‌ಗಿಂತ ಮೊದಲೇ ಸದ್ದು ಕೇಳಿಸುವುದುಂಟು.

ಮಾತಿನ ನಡುವೆ ಮೇಜಿನ ಮೇಲಿದ್ದ ಅವಳ ಮೊಬೈಲ್ ಸೈರನ್‌ನಂತೆ ಕೂಗಿತು. ಖಾರ್ಕಿವ್‌ನ ವಾಯುದಾಳಿಯ ಎಚ್ಚರಿಕೆ ಕೊಡುವ ಆ್ಯಪ್ ಮಂಡ್ಯದ ಮನೆಯಲ್ಲೂ ರಾತ್ರಿಯಿಡೀ ಹೀಗೆ ಮೊಳಗುತ್ತಿತ್ತು. ಖಾರ್ಕಿವ್‌ನಲ್ಲಿ ಅವಳು ಬಾಡಿಗೆಗಿದ್ದ ಮನೆಯ ಅಜ್ಜಿ ಊರು ಬಿಟ್ಟಿಲ್ಲ. ಅಜ್ಜಿಯ ತಂಗಿ ಇಜಿಯಮ್‌ನವರು. ಆ ಊರು ರಷ್ಯಾ ಸೇನೆಯ ಕೈಯಲ್ಲಿದ್ದ ತಿಂಗಳುಗಳಲ್ಲಿ ಬದುಕಿದ್ದಾರೋ ಇಲ್ಲವೋ ತಿಳಿಯಲೇ ಇಲ್ಲ. ಪ್ರತಿ ದಾಳಿ ಮುಗಿದ ಮೇಲೆ ಅಜ್ಜಿ ‘+’ ಎಂದಷ್ಟೇ ಕಳಿಸುತ್ತಾರೆ. ಇದ್ದೇನೆ ಎಂದು ಅರ್ಥ.

ತಂದೆಯದು ಬೇರೆಯೇ ಚಿಕಿತ್ಸೆ. ದಸರಾ ಆನೆಗಳಿಗೆ ಕುಶಾಲತೋಪಿನ ತಾಲೀಮು ನಡೆಯುತ್ತಿತ್ತಲ್ಲ, ಅಲ್ಲಿ ನಿಲ್ಲಿಸಿದರೆ ಭಯ ಹೋಗುತ್ತದೆ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದರು. ಬೇಡವೇ ಬೇಡ ಎಂದೆ. ಸದ್ದಿಗೆ ಹಂತಹಂತವಾಗಿ ಒಗ್ಗಿಸುವ ಚಿಕಿತ್ಸೆ ಇದೆ, ನಿಜ. ಆದರೆ ಅವಳು ಒಪ್ಪಿದಾಗ, ಬಲ್ಲವರ ಕೈಯಲ್ಲಿ. ಆನೆಯನ್ನೂ ಮಾವುತನಿಲ್ಲದೆ ಫಿರಂಗಿಯ ಮುಂದೆ ನಿಲ್ಲಿಸುವುದಿಲ್ಲ.

ಆರು ತಿಂಗಳಾದರೂ ನಿದ್ದೆ ಹತ್ತದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಆ್ಯಪ್ ಅಳಿಸು ಎನ್ನಲಿಲ್ಲ. ಅಜ್ಜಿಯ ಚಿಂತೆ ರೋಗವಲ್ಲ. ಒಬ್ಬಳೇ ಕಾವಲು ಕೂರುವುದು ದೇಹಕ್ಕೆ ತಡೆಯದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೊಬೈಲ್ ತಾಯಿಯ ಬಳಿ ಇರಲಿ, ಪ್ಲಸ್ ಬಂತೇ ಎಂದು ಅವರು ನೋಡಲಿ, ಬಾರದಿದ್ದರೆ ಎಬ್ಬಿಸಲಿ ಎಂದೆ. ತಾಯಿ ಒಪ್ಪಿದರು. ಹಾಸಿಗೆ ಸದ್ಯ ಪ್ಯಾಸೇಜಿನಲ್ಲೇ ಇರಲಿ, ಅದಕ್ಕಾಗಿ ಗದರಬೇಡಿ ಎಂದೂ ಹೇಳಿದೆ.

ವಿಜಯದಶಮಿ ಕಳೆದು ಬಂದಾಗಲೂ ಅವಳು ಪ್ಯಾಸೇಜಿನಲ್ಲೇ ಮಲಗುತ್ತಿದ್ದಳು, ಆದರೆ ಐದು ಗಂಟೆ ನಿದ್ದೆ. ಅಜ್ಜಿಗೆ ಅಂಬಾರಿ ಹೊತ್ತ ಆನೆಯ ಫೋಟೊ ಕಳಿಸಿದ್ದಳಂತೆ. ಪ್ಲಸ್ ಬರಲಿಲ್ಲ. ‘ಅದು ಏನು ತಿನ್ನುತ್ತದೆ?’ ಎಂಬ ಪ್ರಶ್ನೆ ಬಂತು.