ಬ್ರೆಜಿಲ್‌ನ ಅಲೆಮಾರಿ ಜೇಡವನ್ನು ಸಾಕಬಹುದಾ?

ಸಾಕುವವರು ಇದ್ದಾರೆ. ಆದರೆ ಮೊದಲ ಸಲ ಜೇಡ ಸಾಕುವವರಿಗೆ ಇದು ಖಂಡಿತ ಬೇಡ. ಬ್ರಿಟನ್‌ನಲ್ಲಂತೂ 1976ರ ಅಪಾಯಕಾರಿ ಪ್ರಾಣಿಗಳ ಕಾಯ್ದೆಯಡಿ ಲೈಸೆನ್ಸ್ ಬೇಕೇ ಬೇಕು.

ಫೋನ್ಯೂಟ್ರಿಯಾ ಕುಲದ ಈ ಜೇಡಗಳು ಬಲೆ ಕಟ್ಟಿ ಕಾಯುವುದಿಲ್ಲ. ಹಗಲು ಮರದ ದಿಮ್ಮಿಯಡಿ, ಬಾಳೆಯ ಸಂದಿಯಲ್ಲಿ, ಕೆಲವೊಮ್ಮೆ ಯಾರದೋ ಶೂ ಒಳಗೆ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತವೆ. ಕಾಲು ಚಾಚಿದರೆ ದೊಡ್ಡವು 15 ಸೆಂ.ಮೀ. ತಲುಪುತ್ತವೆ.

ನನ್ನ ಪ್ರಕಾರ ವಿಷಕ್ಕಿಂತ ಜಾಸ್ತಿ ತಲೆನೋವು ಅದರ ವೇಗ. ಮುಚ್ಚಳ ತೆಗೆದಿರೋ, ಗಾಜು ಹತ್ತಿ ಹೊರಗೆ! ಅದಕ್ಕೇ ಅನುಭವಿಗಳು ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಟಬ್ಬಿನೊಳಗಿಟ್ಟೇ ತೆರೆಯುತ್ತಾರೆ, ಉದ್ದ ಇಕ್ಕಳದಲ್ಲೇ ಕೆಲಸ ಮಾಡುತ್ತಾರೆ. ಕೈಯಲ್ಲಿ ಹಿಡಿಯುವ ಮಾತೇ ಇಲ್ಲ. ಕೆಣಕಿದರೆ ಮುಂದಿನ ನಾಲ್ಕು ಕಾಲೆತ್ತಿ ಅತ್ತಿತ್ತ ತೂಗುತ್ತದೆ. ಆಗ ಸುಮ್ನೆ ಮುಚ್ಚಳ ಹಾಕಿ ಹೋಗಿ ಮಲಗಿ. ನೋಡುವ ಆಸೆಯಿದ್ದರೆ ರಾತ್ರಿ ಮಂದ ಕೆಂಪು ಬೆಳಕು ಸಾಕು. ಜೀರುಂಡೆ ಬಿಟ್ಟರೆ ಅದು ಹಾರಿ ಹಿಡಿಯುವುದು ಕಾಣುತ್ತದೆ.

ಕಚ್ಚಿದರೆ? ಹೆಚ್ಚಿನ ಸಲ ವಿಪರೀತ ನೋವು, ಬೆವರು ಅಷ್ಟೆ. ಗಂಭೀರವಾಗುವುದು ಅಪರೂಪ, ಅದೂ ಮಕ್ಕಳಲ್ಲಿ ಹೆಚ್ಚು. ವಿಷ ನರಗಳ ಸೋಡಿಯಂ ಚಾನೆಲ್‌ಗಳನ್ನು, ಅಂದರೆ ನರಗಳು ಸಂಕೇತ ಕಳಿಸಲು ಬಳಸುವ ಸಣ್ಣ ಬಾಗಿಲುಗಳನ್ನು, ಕೆಡಿಸುತ್ತದೆ. ಪ್ರತಿವಿಷ ತಯಾರಿಸುವುದು ಸಾವೊ ಪಾಲೊದ ಬುಟಾಂಟನ್ ಸಂಸ್ಥೆ.

ಅಂದಹಾಗೆ, ನಮ್ಮ ಮನೆಗಳಲ್ಲಿ ಕ್ಯಾಲೆಂಡರ್ ಹಿಂದಿನಿಂದ ಓಡುವ ದೊಡ್ಡ ಚಪ್ಪಟೆ ಜೇಡ ಇದಲ್ಲ. ಅದು ಹಂಟ್ಸ್‌ಮನ್. ಜಿರಳೆ ತಿನ್ನುತ್ತದೆ, ಇರಲಿ ಬಿಡಿ.