ಬೋರ್ಡು ಓದುವ ಫೋನು

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದವಳು. ಮಲಯಾಳಂ ಓದಲು ಬರುವುದಿಲ್ಲ. ಮೊದಲು ಬಸ್ಸು, ಕಚೇರಿ ಎಲ್ಲ ಕಡೆ ಯಾರನ್ನಾದರೂ ಕೇಳುತ್ತಿದ್ದೆ. ಈಗ ಫೋನಿನ ಕ್ಯಾಮೆರಾ ಹಿಡಿದರೆ ಕನ್ನಡದಲ್ಲೇ ಬರುತ್ತದೆ. ಆದರೆ ಜನರ ಜೊತೆ ಮಾತೇ ಕಡಿಮೆಯಾಯಿತು. ಇದು ಬರೀ ಗೊಣಗಾಟವಾ?

ಉತ್ತರ: ಗೊಣಗಾಟ ಅಲ್ಲ ಅಕ್ಕಾ. ಆದರೆ ಆ ಕೇಳುವುದರಲ್ಲಿ ಖುಷಿ ಎಷ್ಟಿತ್ತು, ಮುಜುಗರ ಎಷ್ಟಿತ್ತು ಅಂತಲೂ ನೋಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಅರ್ಜಿ ಹಿಡಿದು ಇನ್ನೊಬ್ಬರ ಮುಖ ನೋಡುವುದು ಇಲ್ಲಿನ ಎಷ್ಟೋ ಕನ್ನಡಿಗರಿಗೆ ಮಾಮೂಲಾಗಿಬಿಟ್ಟಿತು. ಅದು ತಪ್ಪಿದರೆ ಒಳ್ಳೆಯದೇ ಅಲ್ವಾ? ಕಚೇರಿ ಕಾಗದಕ್ಕೆ ಸಹಿ ಹಾಕುವ ಮೊದಲು ಮಾತ್ರ ಮಲಯಾಳಂ ಬಲ್ಲವರಿಗೆ ತೋರಿಸಿ, ಯಂತ್ರ ಒಂದು ‘ಇಲ್ಲ’ವನ್ನೇ ನುಂಗಿಬಿಡಬಹುದು. ಇನ್ನು ಮಾತಿಗೆ ದಾರಿ ಕೇಳುವ ನೆಪ ಯಾಕೆ, ಸುಮ್ನೆ ಅಡಿಕೆ ರೇಟು ಕೇಳಿ.