ಓದುಗರ ಪ್ರಶ್ನೆ: ಡಬ್ಬಿಗೆ ಸೇರಿಸಿದೊಡನೆ ಗಿಟಾರ್ ಪೆಡಲ್ ಸ್ತಬ್ಧವಾಗುವುದೇಕೆ?

ಪ್ರಶ್ನೆ: ನಾನೇ ಜೋಡಿಸಿದ ಓವರ್‌ಡ್ರೈವ್ ಪೆಡಲ್ (ಗಿಟಾರಿನ ದನಿಯನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಸಾಧನ) ಡಬ್ಬಿಯ ಹೊರಗಿದ್ದಾಗ ಬ್ಯಾಟರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅಡಾಪ್ಟರ್ ಹಾಕಿದರೆ ಮಾತ್ರ ಎಲ್‌ಇಡಿ ಮಿನುಗುತ್ತದೆ, ಪ್ಲಗ್ಗನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಸರಿಯಾಗುತ್ತದೆ. ಪವರ್ ಜ್ಯಾಕನ್ನು ಅಲ್ಯೂಮಿನಿಯಂ ಡಬ್ಬಿಗೆ ಬಿಗಿದ ಮೇಲೆ ಬ್ಯಾಟರಿಯಲ್ಲೂ ಅಡಾಪ್ಟರ್‌ನಲ್ಲೂ ನಡೆಯುತ್ತಿಲ್ಲ. ಸರ್ಕ್ಯೂಟ್ ಕೆಟ್ಟಿದೆಯೇ?

ಉತ್ತರ: ಡಬ್ಬಿಯ ಹೊರಗೆ ಬ್ಯಾಟರಿಯಲ್ಲಿ ಚೆನ್ನಾಗಿ ನುಡಿಯುವ ಸರ್ಕ್ಯೂಟನ್ನು ಸದ್ಯಕ್ಕೆ ಅನುಮಾನಿಸಬೇಡಿ, ಬೋರ್ಡಿನಿಂದ ಒಂದು ಬಿಡಿಭಾಗವನ್ನೂ ಕೀಳಬೇಡಿ. ನೀವು ವಿವರಿಸಿರುವುದು ಬಹುಮಟ್ಟಿಗೆ ಎರಡು ಬೇರೆ ಬೇರೆ ದೋಷಗಳು, ಮತ್ತು ಎರಡೂ ಪವರ್ ಜ್ಯಾಕಿನ ಆಸುಪಾಸಿನಲ್ಲೇ ಇವೆ.

ಡಬ್ಬಿಗೆ ಬಿಗಿದೊಡನೆ ಎಲ್ಲವೂ ನಿಲ್ಲುವುದನ್ನು ಮೊದಲು ನೋಡೋಣ. ಗಿಟಾರ್ ಪೆಡಲ್‌ಗಳಲ್ಲಿ ರೂಢಿಯಾಗಿರುವ 9 ವೋಲ್ಟ್ ಸಂಪರ್ಕದಲ್ಲಿ ಪ್ಲಗ್ಗಿನ ನಡುಭಾಗ ನೆಗೆಟಿವ್, ಹೊರಮೈ ಪಾಸಿಟಿವ್. ಬೇರೆ ಅನೇಕ ಉಪಕರಣಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ಪೆಡಲಿನ ಡಬ್ಬಿಯಾದರೋ ಆಡಿಯೊ ಜ್ಯಾಕ್‌ಗಳ ಮೂಲಕ ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ನೆಗೆಟಿವ್ ಬದಿಗೆ, ಸೇರಿರುತ್ತದೆ. ಲೋಹದ ಕುತ್ತಿಗೆಯಿರುವ ಪವರ್ ಜ್ಯಾಕ್‌ಗಳಲ್ಲಿ ಆ ಕುತ್ತಿಗೆ ಸಾಮಾನ್ಯವಾಗಿ ಪ್ಲಗ್ಗಿನ ಹೊರಮೈಯ ಸಂಪರ್ಕಕ್ಕೇ ಅಂಟಿಕೊಂಡಿರುವುದರಿಂದ, ನಟ್ಟನ್ನು ಬಿಗಿದ ಕ್ಷಣವೇ ಪಾಸಿಟಿವ್ ನೇರವಾಗಿ ಗ್ರೌಂಡಿಗೆ ತಗುಲಿ ಶಾರ್ಟ್ ಆಗುತ್ತದೆ. ಪ್ಲಗ್ ಇಲ್ಲದಿದ್ದಾಗ ಬ್ಯಾಟರಿಯ ಪಾಸಿಟಿವ್ ಕೂಡ ಇದೇ ಜ್ಯಾಕಿನ ಮೂಲಕ ಹಾದುಹೋಗುವುದರಿಂದ ಬ್ಯಾಟರಿಗೂ ಅದೇ ಗತಿ. ಪರೀಕ್ಷೆ ಮುಗಿಯುವವರೆಗೆ ದಯವಿಟ್ಟು ಬ್ಯಾಟರಿಯನ್ನು ತೆಗೆದಿಡಿ. ಶಾರ್ಟ್ ಆದ ಬ್ಯಾಟರಿ ಬಿಸಿಯಾಗುತ್ತದೆ.

ಬ್ಯಾಟರಿ, ಅಡಾಪ್ಟರ್ ಎರಡನ್ನೂ ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ (ಎರಡು ಕಡ್ಡಿಗಳ ನಡುವೆ ಸಂಪರ್ಕವಿದ್ದರೆ ಸದ್ದು ಮಾಡುವ ಸ್ಥಾನ) ತಿರುಗಿಸಿ, ಒಂದು ಕಡ್ಡಿಯನ್ನು ಜ್ಯಾಕಿನ ಪಾಸಿಟಿವ್ ಕಾಲಿಗೂ ಇನ್ನೊಂದನ್ನು ಡಬ್ಬಿಯ ಬಣ್ಣವಿಲ್ಲದ ಭಾಗಕ್ಕೂ ಇಡಿ. ಕ್ಷಣಮಾತ್ರ ಸದ್ದಾಗಿ ನಿಂತರೆ ಅದು ಫಿಲ್ಟರ್ ಕೆಪಾಸಿಟರ್ ತುಂಬಿಕೊಳ್ಳುವ ಸದ್ದು, ಲೆಕ್ಕಕ್ಕಿಲ್ಲ. ಬಿಡದೆ ಸದ್ದಾಗುತ್ತಿದ್ದರೆ ನಟ್ಟು ಸಡಿಲಿಸಿ ಜ್ಯಾಕನ್ನು ರಂಧ್ರದಿಂದ ಹೊರತೆಗೆಯಿರಿ. ಆಗ ಸದ್ದು ನಿಂತರೆ ಅಪರಾಧಿ ಲೋಹದ ಕುತ್ತಿಗೆಯೇ. ನಿಲ್ಲದಿದ್ದರೆ ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ಕೂಡಿಸಿರುವ 1ಎನ್4001 ರಕ್ಷಣಾ ಡಯೋಡನ್ನು ನೋಡಿ. ಹಿಂದೊಮ್ಮೆ ತಪ್ಪು ಧ್ರುವದ ಅಡಾಪ್ಟರ್ ಹಾಕಿದ್ದರೆ ಅದು ಸುಟ್ಟು ಶಾರ್ಟ್ ಆಗಿರಬಹುದು. ಆದರೆ ಹೊರಗೆ ಬ್ಯಾಟರಿಯಲ್ಲಿ ನಡೆಯುತ್ತಿರುವ ನಿಮ್ಮ ಪೆಡಲ್‌ನಲ್ಲಿ ಆ ಸಾಧ್ಯತೆ ಕಡಿಮೆ. ಪರಿಹಾರವೆಂದರೆ ಪ್ಲಾಸ್ಟಿಕ್ ಮೈಯ ಜ್ಯಾಕ್. ಅದಕ್ಕೆ ರಂಧ್ರವನ್ನು ಹಿಗ್ಗಿಸಬೇಕಾಗಬಹುದು. ಬೋರ್ಡನ್ನು ಹೊರಗಿಟ್ಟೇ ಕೊರೆಯಿರಿ, ಏಕೆಂದರೆ ಅಲ್ಯೂಮಿನಿಯಂ ಪುಡಿ ಬೆಸುಗೆಗಳ ನಡುವೆ ಸೇರಿದರೆ ಹೊಸ ಶಾರ್ಟ್ ಹುಟ್ಟುತ್ತದೆ. ಫೈಬರ್ ವಾಷರ್ ಇಟ್ಟು ಹಳೆಯ ಜ್ಯಾಕನ್ನೇ ಉಳಿಸಿಕೊಳ್ಳುವವರೂ ಇದ್ದಾರೆ, ಆದರೆ ಪದೇ ಪದೇ ಪ್ಲಗ್ ಎಳೆಯುವ ಜಾಗದಲ್ಲಿ ನಾನು ಅದನ್ನು ನೆಚ್ಚುವುದಿಲ್ಲ.

ಇನ್ನು ಮಿನುಗುವ ಎಲ್‌ಇಡಿ. ಪ್ಲಗ್ಗಿನ ಅಳತೆಯನ್ನು ಮೊದಲು ನೋಡಿ. ಪೆಡಲ್‌ಗಳಿಗೆ ಬೇಕಾದದ್ದು ಹೊರಗೆ 5.5, ಒಳಗೆ 2.1 ಮಿಲಿಮೀಟರ್. ಹೊರ ಅಳತೆ ಅದೇ ಆಗಿದ್ದು ಒಳಗೆ 2.5 ಇರುವ ಪ್ಲಗ್ಗುಗಳೂ ಇವೆ; ಅವು ಸರಾಗವಾಗಿ ಒಳಹೋದರೂ ನಡುವಿನ ಕಡ್ಡಿಯನ್ನು ಹಿಡಿದುಕೊಳ್ಳುವುದಿಲ್ಲ, ಪಕ್ಕಕ್ಕೆ ಒತ್ತಿದಾಗ ಮಾತ್ರ ತಗಲುತ್ತವೆ. ನಿಮ್ಮ ವಿವರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಳತೆ ಸರಿಯಿದ್ದರೆ, ಜ್ಯಾಕ್ ಡಬ್ಬಿಯ ಹೊರಗಿರುವಾಗಲೇ ಅಡಾಪ್ಟರ್ ಹಾಕಿ, ಜ್ಯಾಕಿನ ಕಾಲುಗಳಲ್ಲೇ ವೋಲ್ಟೇಜ್ ಅಳೆಯುತ್ತ ಪ್ಲಗ್ಗನ್ನು ಮೆಲ್ಲಗೆ ಅಲ್ಲಾಡಿಸಿ. ಅಲ್ಲಿ 9 ವೋಲ್ಟ್ ಸ್ಥಿರವಾಗಿದ್ದೂ ಬೋರ್ಡಿನಲ್ಲಿ ಏರಿಳಿದರೆ ದೋಷ ನಡುವಿನ ತಂತಿಯಲ್ಲೋ ಬೆಸುಗೆಯಲ್ಲೋ ಇದೆ. ಕಾಲುಗಳಲ್ಲೇ ಏರಿಳಿದರೆ ಜ್ಯಾಕ್ ಅಥವಾ ಅಡಾಪ್ಟರಿನ ತಂತಿ. ಅದೇ ಅಡಾಪ್ಟರನ್ನು ಇನ್ನೊಂದು ಪೆಡಲಿಗೆ ಹಾಕಿದರೆ ಯಾವುದೆಂದು ತಿಳಿಯುತ್ತದೆ. ಬೆಸುಗೆಯ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಕಾಲುಗಳು ಜರುಗಿದ ಜ್ಯಾಕನ್ನು ರಿಪೇರಿ ಮಾಡುವುದಕ್ಕಿಂತ ಬದಲಿಸುವುದೇ ಮೇಲು. ಹೊಸದಕ್ಕೆ ಬೆಸುಗೆ ಹಾಕುವಾಗ ಎಲ್ಲಿಗೂ ಜೋಡಿಸದ ಹಳೆಯ ಪ್ಲಗ್ಗೊಂದನ್ನು ಒಳಗೆ ತೂರಿಸಿಟ್ಟರೆ ಸಂಪರ್ಕಗಳು ತಮ್ಮ ಜಾಗದಲ್ಲೇ ನಿಲ್ಲುತ್ತವೆ.

ಪ್ರಶ್ನೆ: ಅಡಾಪ್ಟರ್ ಹಾಕಿದಾಗ ಪೆಡಲಿನೊಳಗಿನ ಬ್ಯಾಟರಿ ಬೆಚ್ಚಗಾಗುತ್ತದೆ. ಹೀಗೇ ಬಳಸಬಹುದೇ?

ಉತ್ತರ: ಖಂಡಿತ ಬೇಡ. ಬ್ಯಾಟರಿಯ ಕೆಂಪು ತಂತಿ ತಪ್ಪು ಕಾಲಿಗೆ ಸೇರಿ, ಅಡಾಪ್ಟರ್ ಬ್ಯಾಟರಿಯೊಳಕ್ಕೆ ವಿದ್ಯುತ್ ತಳ್ಳುತ್ತಿರುವ ಸಂಭವವೇ ಹೆಚ್ಚು. ಮರುಚಾರ್ಜ್ ಆಗದ ಬ್ಯಾಟರಿ ಹೀಗಾದಾಗ ಸೋರಬಹುದು, ಒಡೆಯಲೂಬಹುದು. ಎರಡನ್ನೂ ಬಿಡಿಸಿ, ಕೆಂಪು ತಂತಿಯನ್ನೂ ಬೋರ್ಡಿಗೆ ಹೋಗುವ ತಂತಿಯನ್ನೂ ಜ್ಯಾಕಿನಿಂದ ಬಿಚ್ಚಿ, ಮೂರು ಕಾಲುಗಳನ್ನು ಮಲ್ಟಿಮೀಟರಿನ ಬೀಪ್ ಸ್ಥಾನದಲ್ಲಿ ಪರೀಕ್ಷಿಸಿ. ಪ್ಲಗ್ ಇಲ್ಲದಾಗ ಪರಸ್ಪರ ಸದ್ದು ಮಾಡಿ, ಪ್ಲಗ್ ತೂರಿಸಿದಾಗ ಸುಮ್ಮನಾಗುವ ಎರಡು ಕಾಲುಗಳಿರುತ್ತವೆ. ಅವುಗಳಲ್ಲಿ ಪ್ಲಗ್ಗಿನ ಹೊರಮೈಯೊಂದಿಗೆ ಸದ್ದು ಮಾಡುವುದು ಬೋರ್ಡಿಗೆ ಹೋಗಬೇಕು. ಇನ್ನೊಂದಕ್ಕೆ ಬ್ಯಾಟರಿಯ ಕೆಂಪು ತಂತಿ ಸೇರಬೇಕು. ಬೆಚ್ಚಗಾದ ಆ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಹೊಸದನ್ನು ಹಾಕುವ ಮುನ್ನ ಅಡಾಪ್ಟರ್ ಜೋಡಿಸಿ, ಇನ್‌ಪುಟ್‌ಗೆ ಗಿಟಾರ್ ಕೇಬಲ್ಲನ್ನೂ ಹಾಕಿ, ಖಾಲಿ ಬ್ಯಾಟರಿ ಕ್ಲಿಪ್ಪಿನ ಎರಡು ತುದಿಗಳನ್ನು ಅಳೆದುನೋಡಿ; ಅಲ್ಲಿ 9 ವೋಲ್ಟ್ ಕಂಡರೆ ಜೋಡಣೆ ಇನ್ನೂ ಸರಿಯಾಗಿಲ್ಲ.